ಹಳೆಯ ಪಲ್ಪರಿನ ಕಾಣದ ಖರ್ಚು

"ಯಂತ್ರ ತಿರುಗುತ್ತಿದೆಯಲ್ಲ, ಹೊಸದೇಕೆ?" ಎಂಬುದು ಅನೇಕ ಸದಸ್ಯರ ಮಾತು. ಪಲ್ಪರಿನ ಡೀಸೆಲ್, ರಿಪೇರಿ, ಆಳಿನ ಕೂಲಿ ಲೆಕ್ಕದ ಪುಸ್ತಕಕ್ಕೆ ಬರುತ್ತವೆ. ಸವೆದ ಯಂತ್ರ ಕತ್ತರಿಸಿದ ಬೀಜದ ನಷ್ಟ ಮಾತ್ರ ಯಾವ ಪುಟದಲ್ಲೂ ಕಾಣದು.

ಡ್ರಮ್ಮಿನ ತಗಡು ಸವೆದರೆ, ಇಲ್ಲವೇ ಅಂತರ ತಪ್ಪಿದರೆ, ಸಿಪ್ಪೆಯ ಜೊತೆಗೆ ಬೀಜಕ್ಕೂ ಗಾಯವಾಗುತ್ತದೆ. ಅಂಥ ಬೀಜ ಹುದುಗುವಾಗ ಬಣ್ಣಗೆಟ್ಟು, ಕ್ಯೂರಿಂಗ್‌ನಲ್ಲಿ ಕೀಳು ದರ್ಜೆಗೆ ಇಳಿಯುತ್ತದೆ. ಇನ್ನಷ್ಟು ಬೀಜ ಸಿಪ್ಪೆಯೊಂದಿಗೆ ಗೊಬ್ಬರದ ಗುಂಡಿ ಸೇರುತ್ತದೆ.

ಪರೀಕ್ಷೆ ಸುಲಭ. ಮಾಗಿದ ಹಣ್ಣನ್ನೇ ಆರಿಸಿ ಹಾಕಿ. ಕಾಯಿ ಬೆರೆತರೆ ಒಳ್ಳೆಯ ಯಂತ್ರವೂ ಕತ್ತರಿಸೀತು. ಹೊರಬಂದ 100 ಬೀಜ ಎಣಿಸಿ. 5 ಗಾಯಗೊಂಡಿದ್ದರೆ, 50 ಕಿಲೋ ತೂಕದ 40 ಮೂಟೆ ಪಾರ್ಚ್‌ಮೆಂಟ್ ಮಾಡುವವರಿಗೆ 2 ಮೂಟೆ ಮಾಲು ದರ್ಜೆ ಕಳೆದುಕೊಂಡಂತೆ. ಆ ಬೆಲೆಯ ವ್ಯತ್ಯಾಸವನ್ನು ವರ್ಷವರ್ಷವೂ ಬರೆದಿಟ್ಟು, ತಗಡಿನ ಬೆಲೆಯೊಡನೆ ಹೋಲಿಸಿ ನೋಡಿ.

ಮೊದಲು ಅಂತರ ಸರಿಪಡಿಸಿ. ಅರೇಬಿಕಾ ಮುಗಿದು ರೊಬಸ್ಟಾ ಹಾಕುವಾಗ ಮತ್ತೆ ಹೊಂದಿಸಬೇಕು. ಆಗಲೂ ಗಾಯ ನಿಲ್ಲದಿದ್ದರೆ ತಗಡು ಬದಲಿಸಿ. ಅದೂ ಸಾಲದಿದ್ದರೆ ಅಕ್ಕಪಕ್ಕದ ನಾಲ್ಕಾರು ಸಣ್ಣ ಬೆಳೆಗಾರರು ಕೂಡಿ ಒಂದು ಹೊಸ ಪಲ್ಪರ್ ಇಡುವುದು ಲೇಸು. ಮೊದಲ ಕೊಯ್ಲಿನ ದಿನವೇ ಎಣಿಸಿದರೆ ಉಳಿದ ಫಸಲಾದರೂ ಉಳಿದೀತು.