ಮಾತ್ರೆ ಚೀಲ ತಂದಿದ್ದೀರಾ?

ಮಿದುಳಿನಲ್ಲಿ ರಕ್ತಸ್ರಾವವಾಗಿದೆ ಎಂಬ ಶಂಕೆಯಲ್ಲಿ ಬರುವ ರೋಗಿಗೆ ಅನೇಕ ಸಲ ಮಾತೇ ನಿಂತಿರುತ್ತದೆ. ಕತೆ ಇರುವುದು ಜೊತೆಗೆ ಬಂದವರ ಬಳಿ. ತುರ್ತು ವಿಭಾಗದಲ್ಲಿ ತಪ್ಪಿ ತಪ್ಪಿ ಕಲಿತದ್ದಿಷ್ಟು.

1. ಉಸಿರು, ನಾಡಿ, ಬಿಪಿ, ಸಕ್ಕರೆ ಮೊದಲು. ಸಕ್ಕರೆ ಇಳಿದರೂ ಲಕ್ವ ಹೊಡೆದಂತೆಯೇ ಕಾಣುತ್ತದೆ. ಉಳಿದ ಪ್ರಶ್ನೆಗಳನ್ನು ಸಿಟಿ ಸ್ಕ್ಯಾನ್‌ಗೆ ಸ್ಟ್ರೆಚರ್ ತಳ್ಳುತ್ತಲೇ ಕೇಳಿ.

2. "ಯಾವಾಗ ಶುರುವಾಯ್ತು?" ಎಂದರೆ "ಬೆಳಿಗ್ಗೆ" ಎನ್ನುತ್ತಾರೆ. ಅದು ಅವರು ನೋಡಿದ ಹೊತ್ತು. "ಕೊನೇಸಲ ಸರಿಯಾಗಿ ಮಾತಾಡಿದ್ದು ಯಾವಾಗ?" ಎನ್ನಬೇಕು. ತಲೆನೋವಾದರೆ "ತುಂಬಾ ನೋವಾ?" ಎನ್ನುವುದು ದಂಡ, "ಏನು ಮಾಡ್ತಿದ್ದಾಗ ಬಂತಮ್ಮಾ?" ಎನ್ನಿ. "ಬಿಂದಿಗೆ ಎತ್ತಿದೆ, ದೊಣ್ಣೇಲಿ ಹೊಡೆದಂಗಾಯ್ತು" ಎಂದರೆ ಉಬ್ಬಿದ ರಕ್ತನಾಳ ಒಡೆದಿರಬಹುದು. ಗಂಟೆಯನ್ನೂ ಬರೆದುಕೊಳ್ಳಿ. 6 ಗಂಟೆಯೊಳಗೆ ಮಾಡಿದ ಸಿಟಿಯನ್ನು ನಂಬಿದಷ್ಟು ಮೂರನೇ ದಿನದ್ದನ್ನು ನಂಬಲಾಗದು. ಆಗ ಬೆನ್ನಿನಿಂದ ನೀರು ತೆಗೆದು ನೋಡಬೇಕಾದೀತು.

3. ನಾನು ಮುಗ್ಗರಿಸಿದ್ದು ಇಲ್ಲಿ. "ರಕ್ತ ತೆಳು ಮಾಡೋ ಮಾತ್ರೆ ಏನಾದ್ರೂ?" ಎಂದು ಕೇಳಿದೆ. "ಇಲ್ಲ ಸಾರ್, ಬರೀ ಹಾರ್ಟ್ ಮಾತ್ರೆ" ಎಂದರು ಹೆಂಡತಿ. ನಾನೂ "ಇಲ್ಲ" ಎಂದೇ ಬರೆದೆ. ಎಷ್ಟೋ ಹೊತ್ತಿನ ಮೇಲೆ ಅವರ ಪ್ಲಾಸ್ಟಿಕ್ ಕವರ್‌ನಿಂದ ರಕ್ತ ತೆಳು ಮಾಡುವ ವಾರ್ಫರಿನ್ ಪಟ್ಟಿಯೇ ಹೊರಬಂತು! ರೋಗಿಗೆ ಹೃದಯದ ಕವಾಟ ಬದಲಿಸಿದ್ದರು. ಅದರ ಪರಿಣಾಮ ತಗ್ಗಿಸುವ ವಿಟಮಿನ್ ಕೆ, ಪ್ಲಾಸ್ಮಾ ಆಗಲೇ ಹೋಗಬೇಕಿತ್ತು. ಆಕೆ ಸುಳ್ಳು ಹೇಳಿರಲಿಲ್ಲ, ನನ್ನ ಪ್ರಶ್ನೆಯೇ ಅವರ ಭಾಷೆಯಲ್ಲಿರಲಿಲ್ಲ. ಈಗ ಕೇಳುವುದು ಹೀಗೆ: "ಹಾರ್ಟ್ ಆಪರೇಷನ್, ಸ್ಟೆಂಟ್ ಆಗಿದೆಯಾ? ಆಗಾಗ ರಕ್ತ ಪರೀಕ್ಷೆ ಮಾಡಿಸಿ ಮಾತ್ರೆ ಹೆಚ್ಚುಕಡಿಮೆ ಮಾಡ್ತಾರಾ?"

ರೋಗಿ ಬಿಪಿ ಮಾತ್ರೆ ಬಿಟ್ಟಿದ್ದರೆ ಮನೆಯವರನ್ನು ಗದರಬೇಡಿ. ಗದರಿದರೆ ಮುಂದಿನ ಉತ್ತರವೆಲ್ಲ "ದಿನಾ ತಗೋತಾರೆ" ಎಂದೇ ಬರುತ್ತದೆ.

4. ವಯಸ್ಸಾದವರಲ್ಲಿ ಇವತ್ತಿನ ಪೆಟ್ಟನ್ನಷ್ಟೇ ಹುಡುಕಬೇಡಿ. ಮೂರು ವಾರದ ಹಿಂದೆ ಬಚ್ಚಲಲ್ಲಿ ಜಾರಿದ್ದು ಈಗ ಮಂಪರಾಗಿ ಬಂದಿರಬಹುದು. ಕುಡಿತದ ವಿಷಯವನ್ನು ಅತ್ತೆಯ ಎದುರು ಸೊಸೆ ಹೇಳುವುದಿಲ್ಲ; ಪಕ್ಕಕ್ಕೆ ಕರೆದು ಕೇಳಿ.

5. ಗದ್ದೆಯಿಂದ ಬಂದವರ ಕಾಲು ನೋಡಿ. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡಿ ಮಿದುಳಲ್ಲೂ ಸೋರಿಸಬಲ್ಲದು. ಗಾಜಿನ ನಳಿಕೆಯಲ್ಲಿ ರಕ್ತವಿಟ್ಟು 20 ನಿಮಿಷ ಕಾದರೆ ತಿಳಿಯುತ್ತದೆ.

ಇನ್ನು ಮನೆಯವರಿಗೆ: ಪ್ರಜ್ಞೆ ಮಸುಕಾದವರ ಬಾಯಿಗೆ ನೀರು, ಕಾಫಿ ಹಾಕಬೇಡಿ. ಲಕ್ವ ಎಂದುಕೊಂಡು ಸ್ಕ್ಯಾನ್‌ಗೆ ಮುಂಚೆ ಆಸ್ಪಿರಿನ್ ಕೊಡಬೇಡಿ. ಹೊರಡುವಾಗ ಮಾತ್ರೆಗಳ ಚೀಲವನ್ನು ಹಾಗೇ ಎತ್ತಿಕೊಂಡು ಬನ್ನಿ.