ಅಣಬೆ, ಗಾಂಜಾ ಮತ್ತು ಅಣ್ಣನ ಗುಳಿಗೆ

ಪ್ರಶ್ನೆ: ನಮ್ಮ ಅಣ್ಣಗ ಖಿನ್ನತೆ ಅಂತ ಎರಡು ವರ್ಷದಿಂದ ಗುಳಿಗಿ ನಡದಾವ, ಪೂರಾ ಆರಾಮ ಆಗಿಲ್ಲ. ವಿದೇಶದಾಗ ಅಮಲಿನ ಅಣಬಿ ಕೊಟ್ಟು ಒಂದ ಸಲಕ್ಕ ವಾಸಿ ಮಾಡ್ತಾರಂತ ಅವನ ಒಂದು ವಿಡಿಯೋ ತೋರಿಸಿದ. ಖರೇನ್ರಿ? ತಿಂಥಣಿ ಮೌನೇಶ್ವರನ ಜಾತ್ರ್ಯಾಗ ಕೊಡೋ ಗಾಂಜಾನೂ ಅಂಥಾದ್ದೇ ಏನು?
— ಓದುಗರು, ಜೈನಾಪುರ

ಉತ್ತರ: ಅರ್ಧ ಖರೆ. ಆ ಅಣಬೆಯಲ್ಲಿರುವ ಸಿಲೊಸೈಬಿನ್ ಮಿದುಳಿನ ಸೆರೊಟೋನಿನ್ ಗ್ರಾಹಕಗಳ ಮೇಲೆ ಕೆಲಸ ಮಾಡುತ್ತದೆ. ಔಷಧಕ್ಕೆ ಬಗ್ಗದ ಖಿನ್ನತೆಯಿದ್ದ 233 ಜನರ ಮೇಲೆ ನಡೆದ ಪ್ರಯೋಗದ ವರದಿ 2022ರಲ್ಲಿ ಬಂತು. 25 ಮಿಲಿಗ್ರಾಂ ಒಮ್ಮೆ ಪಡೆದವರಲ್ಲಿ ನೂರಕ್ಕೆ 37 ಜನರ ಖಿನ್ನತೆ ಮೂರು ವಾರದಲ್ಲಿ ಕನಿಷ್ಠ ಅರ್ಧದಷ್ಟು ಇಳಿಯಿತು. ಹೆಸರಿಗಷ್ಟೇ 1 ಮಿಲಿಗ್ರಾಂ ಪಡೆದವರಲ್ಲಿ 18. ಆದರೆ ಹನ್ನೆರಡನೆಯ ವಾರದವರೆಗೂ ಆ ಗುಣ ಉಳಿದದ್ದು ನೂರಕ್ಕೆ 20 ಜನರಲ್ಲಿ. ಕೆಲವರಿಗೆ ಆತ್ಮಹತ್ಯೆಯ ಯೋಚನೆಯೂ ಬಂದಿತ್ತು.

ವಿಡಿಯೋಗಳು ಬಿಟ್ಟುಬಿಡುವ ಸಂಗತಿಯೊಂದಿದೆ. ಮದ್ದು ಕೊಡುವ ದಿನ ತರಬೇತಿ ಪಡೆದ ಚಿಕಿತ್ಸಕರು ರೋಗಿಯ ಪಕ್ಕದಲ್ಲಿ ಆರೆಂಟು ತಾಸು ಕೂತಿರುತ್ತಾರೆ. ಮೊದಲೂ ಆಮೇಲೂ ಹಲವು ಸಲ ಮಾತಾಡಿಸುತ್ತಾರೆ. ಗುಣದಲ್ಲಿ ದೊಡ್ಡ ಪಾಲು ಈ ಜೊತೆಗಾರಿಕೆಯದು ಎಂದೇ ನಾನು ನಂಬುತ್ತೇನೆ. ಮನೆತನದಲ್ಲಿ ಚಿತ್ತವಿಕಲತೆ ಇದ್ದವರನ್ನು ಇಂಥ ಪ್ರಯೋಗಗಳಿಗೆ ಸಾಮಾನ್ಯವಾಗಿ ಸೇರಿಸಿಕೊಳ್ಳುವುದೇ ಇಲ್ಲ. ಲಿಥಿಯಂ ತೆಗೆದುಕೊಳ್ಳುವವರು ಅಣಬೆ ತಿಂದು ಫಿಟ್ಸ್ ಬಂದದ್ದೂ ಉಂಟು. ಹೊಲದ ಬದುವಿನ ಅಣಬೆಯಂತೂ ಯಾವುದು ವಿಷವೋ ಹೇಳಲಾಗದು. ದಯವಿಟ್ಟು ಕೈ ಹಚ್ಚಬೇಡಿ.

ಗಾಂಜಾ ಬೇರೆಯೇ ಪದಾರ್ಥ, ಮಿದುಳಿನಲ್ಲಿ ಅದರ ದಾರಿಯೂ ಬೇರೆ. ತಿಂಥಣಿಯ ಭಕ್ತರಿಗೆ ಅದು ಪ್ರಸಾದ, ಆ ಭಕ್ತಿಯನ್ನು ನಾನು ಗೌರವಿಸುತ್ತೇನೆ. ಆದರೆ ಖಿನ್ನತೆಗೆ ಅದು ಮದ್ದಲ್ಲ; ಕೆಲವರಲ್ಲಿ ಭ್ರಮೆ, ಸಂಶಯಗಳನ್ನು ಕೆರಳಿಸುತ್ತದೆ.

ಆಸ್ಟ್ರೇಲಿಯಾ 2023ರ ಜುಲೈನಿಂದ ಅನುಮತಿ ಪಡೆದ ಮನೋವೈದ್ಯರಿಗೆ ಸಿಲೊಸೈಬಿನ್ ಬರೆದುಕೊಡಲು ಬಿಟ್ಟಿದೆ. ನಮ್ಮಲ್ಲಿ 1985ರ ಮಾದಕವಸ್ತು ಕಾಯ್ದೆಯಡಿ ಇಟ್ಟುಕೊಳ್ಳುವುದೂ ಅಪರಾಧ. ಹಾಗಂತ ನಿಮ್ಮ ಅಣ್ಣನಿಗೆ ದಾರಿ ಮುಚ್ಚಿಲ್ಲ. ಗುಳಿಗೆ ಬದಲಿಸಬಹುದು, ಪ್ರಮಾಣ ಹೊಂದಿಸಬಹುದು, ಆಪ್ತಸಮಾಲೋಚನೆ ಸೇರಿಸಬಹುದು. ಅರಿವಳಿಕೆಯ ಮದ್ದಾದ ಕೆಟಮೈನನ್ನು ಹಟಮಾರಿ ಖಿನ್ನತೆಗೆ ಆಸ್ಪತ್ರೆಯಲ್ಲಿ ವೈದ್ಯರ ಕಣ್ಗಾವಲಿನಲ್ಲಿ ಕೊಡುವುದುಂಟು. ಜನ ಹೆದರುವ ವಿದ್ಯುತ್ ಚಿಕಿತ್ಸೆ ಇಂದಿಗೂ ಬಲವಾದ ಉಪಾಯಗಳಲ್ಲೊಂದು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಎರಡನೆಯ ಅಭಿಪ್ರಾಯ ಕೇಳಿ. ನಡುರಾತ್ರಿ ಕಷ್ಟವಾದರೆ ಟೆಲಿ ಮಾನಸ್ ಸಹಾಯವಾಣಿ 14416; ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ.

ಗುಳಿಗೆ ಮಾತ್ರ ತಾವಾಗಿ ನಿಲ್ಲಿಸುವುದು ಬೇಡ. ವಿಡಿಯೋ ತೋರಿಸಿದವನು ಅಣ್ಣನೇ ಅಂದಿರಿ. ಅವನಿಗಿನ್ನೂ ಆರಾಮಾಗುವ ಆಸೆಯಿದೆ. ಮುಂದಿನ ಸಲ ವೈದ್ಯರ ಹತ್ತಿರ ಹೋದಾಗ ಆ ವಿಡಿಯೋ ಅವರಿಗೂ ತೋರಿಸಲಿ, ನೀವು ಪಕ್ಕದಲ್ಲೇ ಕೂತಿರಿ.