ಅಲ್ಯುಮಿನಿಯಂ ಆಂಟೆನಾ: ಆರೈಕೆ ಮತ್ತು ದುರಸ್ತಿ

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಏನಾದರೂ ಬರೆಯಬೇಕೆಂದು ಸಮಿತಿಯವರು ಕೇಳಿದಾಗ, ನೆನಪುಗಳನ್ನು ಬರೆಯುವವರು ಅನೇಕರಿದ್ದಾರೆ, ನಾನೊಂದು ಪಾಠವನ್ನೇ ಬರೆಯುತ್ತೇನೆ ಎಂದೆ. ನಮ್ಮ ಶಾಲೆಯ ತಾರಸಿಯ ಮೇಲಿನ ಹವ್ಯಾಸಿ ರೇಡಿಯೋ ಆಂಟೆನಾವನ್ನು ಹಳೆಯ ವಿದ್ಯಾರ್ಥಿಗಳು ಮರೆತಿರಲಾರರು. ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಈ ವಿಷಯದ ಪುಸ್ತಕಗಳು ಇಂಗ್ಲಿಷಿನಲ್ಲೇ ದೊರೆತವು. ನಮ್ಮ ಮಕ್ಕಳಿಗಾದರೂ ಈ ವಿಚಾರ ಕನ್ನಡದಲ್ಲಿ ದೊರೆಯಲಿ.

ಅಲ್ಯುಮಿನಿಯಂ ತುಕ್ಕು ಹಿಡಿಯದ ಲೋಹವೆಂದು ನಂಬಿ, ಆಂಟೆನಾ ಏರಿಸಿದ ಮೇಲೆ ನಾನು ಅದರತ್ತ ಕಣ್ಣೆತ್ತಿಯೂ ನೋಡಿರಲಿಲ್ಲ. ಕೆಲವು ವರ್ಷಗಳ ಬಳಿಕ ಒಂದು ಆಟಿ ತಿಂಗಳಲ್ಲಿ ಅದು ಮೂಕವಾಯಿತು. ಇಳಿಸಿ ನೋಡಿದರೆ ಕಡ್ಡಿಗಳು ಗಟ್ಟಿಯಾಗಿಯೇ ಇದ್ದವು. ಕೇಬಲಿನ ತಾಮ್ರದ ತಂತಿ ಕಡ್ಡಿಗೆ ಸೇರುವಲ್ಲಿ ಮಾತ್ರ ಬಿಳಿಯ ಪುಡಿ ತುಂಬಿತ್ತು.

ಕಾರಣ ಸರಳವಾದುದು. ಗಾಳಿ ತಾಗಿದೊಡನೆ ಅಲ್ಯುಮಿನಿಯಂ ಮೈಮೇಲೆ ಆಕ್ಸೈಡಿನ ತೆಳುವಾದ ಪದರವೊಂದು ಮೂಡಿ ಲೋಹವನ್ನು ಕಾಯುತ್ತದೆ. ಆದರೆ ಅದು ವಿದ್ಯುತ್ತನ್ನು ಹರಿಯಗೊಡದು. ಬಯಲಿನಲ್ಲಿ ಕವಚವಾದುದು ಜೋಡಣೆಯೊಳಗೆ ಅಡ್ಡಗೋಡೆಯಾಗುತ್ತದೆ. ಸಾಲದುದಕ್ಕೆ ನಮ್ಮ ಕಾಸರಗೋಡಿನದು ಕಡಲ ಗಾಳಿ. ಎರಡು ಭಿನ್ನ ಲೋಹಗಳ ನಡುವೆ ಉಪ್ಪುನೀರು ಸೇರಿದರೆ ಪುಟ್ಟ ಬ್ಯಾಟರಿಯೊಂದು ನಿರ್ಮಾಣವಾಗುತ್ತದೆ. ತಾಮ್ರದ ಎದುರು ಸವೆಯುವುದು ಅಲ್ಯುಮಿನಿಯಂ.

ಆರೈಕೆಯ ಕ್ರಮ ಹೀಗೆ. ಮಳೆಗಾಲಕ್ಕೆ ಮುನ್ನ ಒಮ್ಮೆ, ಅನಂತರ ಒಮ್ಮೆ ಆಂಟೆನಾವನ್ನು ಇಳಿಸಿ ಸಿಹಿನೀರಿನಿಂದ ತೊಳೆಯಬೇಕು. ಜೋಡಣೆಗಳನ್ನು ಬಿಚ್ಚಿ, ನಯವಾದ ಮರಳುಕಾಗದದಿಂದ ಹೊಳಪು ಬರುವಂತೆ ಉಜ್ಜಿ, ಪುಡಿಯನ್ನು ಒರೆಸಿ, ಅಲ್ಯುಮಿನಿಯಂ ಜೋಡಣೆಗೆಂದೇ ದೊರೆಯುವ ಲೇಪವನ್ನು ಕೂಡಲೇ ಹಚ್ಚಿ ಬಿಗಿಯಬೇಕು. ಕಬ್ಬಿಣದ ನಾರಿನಿಂದ ಉಜ್ಜಬಾರದು. ಅದರ ಚೂರುಗಳು ಉಳಿದು ತುಕ್ಕಾಗುತ್ತವೆ. ತಾಮ್ರವನ್ನು ನೇರವಾಗಿ ತಾಗಿಸದೆ ನಡುವೆ ಸ್ಟೇನ್‌ಲೆಸ್ ಸ್ಟೀಲಿನ ವಾಷರ್ ಇಡಬೇಕು. ಕೇಬಲಿನ ತುದಿಗೆ ನೀರು ಇಳಿಯದಂತೆ ರಬ್ಬರ್ ಟೇಪು ಸುತ್ತಬೇಕು.

ಕಡ್ಡಿ ಬಾಗಿದ್ದರೆ ಪದೇ ಪದೇ ನೆಟ್ಟಗೆ ಮಾಡಲು ಹೋಗಬಾರದು, ಬಿರುಕು ಬಿಡುತ್ತದೆ. ಮುರಿದ ಕೊಳವೆಯೊಳಗೆ ಬಿಗಿಯಾಗಿ ಕೂರುವ ಸಣ್ಣ ಕೊಳವೆಯ ತುಂಡನ್ನು ಸೇರಿಸಿ, ಇಕ್ಕೆಲಗಳಲ್ಲೂ ರಿವೆಟ್ ಹೊಡೆಯಬಹುದು. ಬೆಸುಗೆ ಬೇಡ, ಆ ಕಾವಿಗೆ ಲೋಹ ಮೆದುವಾಗುತ್ತದೆ. ಒಟ್ಟು ಉದ್ದ ಮಾತ್ರ ಬದಲಾಗಬಾರದು. ನಮ್ಮ ಆಂಟೆನಾದ ಕಡ್ಡಿಗಳು ಸುಮಾರು 1 ಮೀಟರ್ ಉದ್ದದವು. ಕೇಬಲ್ ಸೇರುವ ಕಡ್ಡಿಯಲ್ಲಿ 1 ಸೆಂಟಿಮೀಟರ್ ಹೆಚ್ಚು ಕಡಿಮೆಯಾದರೂ ಅದರ ಶ್ರುತಿ ಸುಮಾರು ಒಂದೂವರೆ ಮೆಗಾಹರ್ಟ್ಸ್ ಸರಿಯುತ್ತದೆ; ನಮಗಿರುವ ಪಟ್ಟಿಯೇ 144ರಿಂದ 146 ಮೆಗಾಹರ್ಟ್ಸ್.

ಕೊನೆಯ ಮಾತು ಎಲ್ಲಕ್ಕಿಂತ ಮುಖ್ಯವಾದುದು. ಒಮ್ಮೆ ನಾನು ಅವಸರದಲ್ಲಿ ಕಂಬ ಇಳಿಸುತ್ತಿದ್ದಾಗ ಅದು ವಾಲಿ, ವಿದ್ಯುತ್ ತಂತಿಯಿಂದ ಗೇಣುದ್ದ ದೂರದಲ್ಲಿ ನಿಂತಿತು. ಬುಡ ಹಿಡಿದಿದ್ದವನು ಒಂಬತ್ತನೆಯ ತರಗತಿಯ ಹುಡುಗ. ತಪ್ಪು ನನ್ನದೇ. ಅಡಕೆ, ಹಲಸು ಕೊಯ್ಯುವ ಲೋಹದ ದೋಟಿ ತಂತಿಗೆ ತಾಗಿದರೆ ಏನಾಗುವುದೆಂಬುದನ್ನು ಬಲ್ಲ ಊರಿನವನೇ ಆಗಿ ನಾನು ಮೈಮರೆತಿದ್ದೆ. ಕಂಬ ಯಾವ ದಿಕ್ಕಿಗೆ ಬಿದ್ದರೂ ತಂತಿಗೆ ತಾಗದಷ್ಟು ದೂರವಿರಲೇಬೇಕು. ಆ ದಿನದ ಬಳಿಕ ಕಂಬದ ಜಾಗವನ್ನೇ ಬದಲಿಸಿದೆವು. ಮಕ್ಕಳ ಕೈಗೆ ಮತ್ತೆ ಬುಡ ಕೊಡಲಿಲ್ಲ.

2004ರ ಸುನಾಮಿಯ ಬಳಿಕ ಅಂಡಮಾನಿನಿಂದ, 2018ರ ಮಹಾಪೂರದಲ್ಲಿ ನಮ್ಮ ಕೇರಳದಲ್ಲೇ, ಹವ್ಯಾಸಿ ರೇಡಿಯೋದವರು ಸುದ್ದಿ ಮುಟ್ಟಿಸಿದರು. ಅಂತಹ ದಿನ ಹೇಳಿ ಬರುವುದಿಲ್ಲ. ಆ ದಿನ ಜೋಡಣೆ ಉಜ್ಜಲು ಸಮಯವೂ ಇರುವುದಿಲ್ಲ. ಊರಿನಲ್ಲಿರುವ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೆರಡು ಬಾರಿ ತಾರಸಿ ಹತ್ತುವ ಹೊಣೆಯನ್ನು ವಹಿಸಿಕೊಳ್ಳಬೇಕೆಂಬುದೇ ಈ ಮುದಿ ಮೇಷ್ಟ್ರ ಬಿನ್ನಹ.